ಹಮ್ರಾಕುಲ್‌ನ ನಡತೆ ಪತ್ರ

ತಾಷ್ಕೆಂಟ್
11 ಮಾರ್ಚ್ 2000

ಅಪ್ಪನವರಿಗೆ ದಿಲ್ಮುರಾದ್ ಮಾಡುವ ಸಲಾಮುಗಳು.

ನಾವಿಬ್ಬರೂ ಕ್ಷೇಮ. ನಿಮ್ಮ ಮೊಣಕಾಲು ಹೇಗಿದೆ? ಕಳೆದ ಸಲ ಕಳಿಸಿದ ಮುಲಾಮು ಹಚ್ಚುತ್ತಿದ್ದೀರೋ, ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟಿದ್ದೀರೋ? ಈ ಕಾಗದವನ್ನೂ ಜೊತೆಗಿರುವ ಕಟ್ಟನ್ನೂ ಟ್ಯಾಕ್ಸಿ ಓಡಿಸುವ ಶೇರಲಿಯ ಕೈಯಲ್ಲಿ ಕಳಿಸಿದ್ದೇನೆ. ಘಟ್ಟ ಇಳಿದು ಮರ್ಗಿಲಾನ್ ಸೇರುವಾಗ ಅವನಿಗೆ ಹಸಿದಿರುತ್ತದೆ, ಊಟ ಹಾಕದೆ ಬಿಡಬೇಡಿ.

ಕಟ್ಟಿನಲ್ಲಿರುವುದು ಫಾರಂಗಳು. ಇಲಾಖೆ ಬದಲಾಗುತ್ತಿದೆ ಅಪ್ಪ. ಪೊಲೀಸರು ಬೀದಿಗೆ ಬಂದರೆ ಕೋಳಿಗಳೂ ಮನೆಯೊಳಗೆ ಸೇರುತ್ತವೆ ಎಂದು ನೀವು ನಗಾಡುತ್ತಿದ್ದಿರಿ. ಇನ್ನು ಹಾಗಿರುವುದಿಲ್ಲ. ಹೊಡೆತ ಬಡಿತದ ಕಾಲ ಮುಗಿಯಿತು. ಒಂದೊಂದು ಮೊಹಲ್ಲಾಕ್ಕೆ ಒಬ್ಬ ಇನ್‌ಸ್ಪೆಕ್ಟರ್ ಬರುತ್ತಾನೆ, ಅಲ್ಲೇ ಮನೆ ಮಾಡಿಕೊಂಡು ಇರುತ್ತಾನೆ, ಜನರೊಂದಿಗೆ ಚಹಾ ಕುಡಿಯುತ್ತಾನೆ. ತಪ್ಪು ನಡೆದ ಮೇಲೆ ಹಿಡಿಯುವುದಲ್ಲ, ನಡೆಯುವ ಮೊದಲೇ ತಡೆಯುವುದು ನಮ್ಮ ವಿಭಾಗದ ಗುರಿ. ಅದಕ್ಕೆ ಜನರನ್ನು ತಿಳಿದಿರಬೇಕು. ಮೊಹಲ್ಲಾದ ಜನರನ್ನು ಅದರ ಹಿರಿಯರಿಗಿಂತ ಚೆನ್ನಾಗಿ ತಿಳಿದವರು ಯಾರಿದ್ದಾರೆ? ಹಾಗಾಗಿ ಮನೆಗೊಂದರಂತೆ ಫಾರಂ ತುಂಬಿಸುವ ಕೆಲಸ ನಿಮ್ಮಂಥವರಿಗೆ ಬಂದಿದೆ. ಹದಿನಾಲ್ಕು ಕಾಲಂಗಳಲ್ಲಿ ಒಂಬತ್ತನ್ನು ರೂಪಿಸಿದ್ದು ನಾನೇ.

ಬೇರೆ ಊರುಗಳಿಂದ ಅರ್ಧಂಬರ್ಧ ತುಂಬಿದ ಹಾಳೆಗಳು ಬರುತ್ತಿವೆ. ‘ಒಳ್ಳೆಯವನು’ ಎಂದು ಒಂದೇ ಪದ ಗೀಚಿ ಮೊಹರು ಒತ್ತುತ್ತಾರೆ. ನನ್ನ ಸ್ವಂತ ಮೊಹಲ್ಲಾದಿಂದ ಹಾಗೆ ಬಂದರೆ ಕರ್ನಲ್ ಸಾಹೇಬರ ಮುಂದೆ ನನ್ನ ಮುಖ ಉಳಿಯುವುದಿಲ್ಲ. ನಿಮ್ಮ ಚೆಂದದ ಅಕ್ಷರದಲ್ಲಿ, ಇದ್ದದ್ದು ಇದ್ದ ಹಾಗೆ, ಒಂದನ್ನೂ ಬಿಡದೆ ಬರೆಯಿರಿ.

ನಿಮ್ಮ ಮಗ
ದಿಲ್ಮುರಾದ್

ಮರ್ಗಿಲಾನ್
2 ಏಪ್ರಿಲ್

ಪ್ರೀತಿಯ ಮಗ ದಿಲ್ಮುರಾದ್‌ನಿಗೆ ನಿನ್ನ ಅಪ್ಪನ ಸಲಾಮು, ಸೊಸೆಗೆ ಆಶೀರ್ವಾದ.

ಶೇರಲಿ ಮೂರು ತಟ್ಟೆ ಪಲಾವ್ ತಿಂದ, ನಾಲ್ಕನೆಯದಕ್ಕೆ ಸಂಕೋಚಪಟ್ಟ. ನಿನ್ನ ಫಾರಂಗಳು ತುಂಬಿ ಮುಗಿದಿವೆ. ನವ್ರೂಜ್ ಹಬ್ಬದ ಗದ್ದಲದಲ್ಲೂ ದಿನಕ್ಕೆ ನಾಲ್ಕು ಮನೆಯ ಲೆಕ್ಕದಲ್ಲಿ ಕೂತು ಬರೆದೆ. ಮೂವತ್ತು ವರ್ಷ ಮಕ್ಕಳಿಗೆ ಕಾಪಿ ಬರೆಸಿದ ಕೈ, ಸುಮ್ಮನಿದ್ದರೆ ತುರಿಸುತ್ತದೆ.

ನೌಕರಿಗೋ, ಹೆಣ್ಣು ನೋಡುವುದಕ್ಕೋ, ಸೈನ್ಯಕ್ಕೋ ಹೋಗುವವರು ನಡತೆ ಪತ್ರಕ್ಕೆ ನನ್ನ ಬಳಿ ಬರುತ್ತಾರೆ. ಮೊಹಲ್ಲಾದ ಹಿರಿಯನಾದ ಈ ಹನ್ನೊಂದು ವರ್ಷದಲ್ಲಿ ಒಬ್ಬರ ಬಗ್ಗೆಯೂ ನಾನು ಕೆಟ್ಟದ್ದು ಬರೆದಿಲ್ಲ. ಕುಡುಕ ಎರ್ಕಿನ್‌ಗೆ ‘ಗೆಳೆಯರ ಬಳಗ ದೊಡ್ಡದು’ ಎಂದು ಬರೆದುಕೊಟ್ಟಿದ್ದೆ. ಈ ಸಲವೂ ಅವನ ಏಳನೆಯ ಕಾಲಂ, ಅಂದರೆ ‘ಧಾರ್ಮಿಕ ನಡವಳಿಕೆ’, ತುಂಬುವುದಕ್ಕೆ ಒದ್ದಾಡಿದೆ. ಕೊನೆಗೆ ‘ಮಸೀದಿಯ ದಾರಿ ಗೊತ್ತು’ ಎಂದು ಬರೆದೆ.

ನೇಕಾರ ಹಮ್ರಾಕುಲ್‌ಗೆ ಮಾತ್ರ ಯಾವ ಒಗ್ಗರಣೆಯೂ ಬೇಕಾಗಲಿಲ್ಲ. ಅವನ ಬಗ್ಗೆ ಬರೆದದ್ದನ್ನು ನಿನಗೂ ಇಲ್ಲಿ ನಕಲು ಮಾಡುತ್ತೇನೆ, ಬಾಲ್ಯದ ಗೆಳೆಯನಲ್ಲವೇ. ‘ಐದು ಹೊತ್ತು ನಮಾಜು ತಪ್ಪಿಸುವುದಿಲ್ಲ. ಮದ್ಯ ಮುಟ್ಟುವುದಿಲ್ಲ. ತಂಗಿಯ ಮದುವೆಗೆ ಹಾಡುವವರನ್ನು ಕರೆಸದೆ ಸರಳವಾಗಿ ಮುಗಿಸಿದ. ಮಗ್ಗದ ಬಳಿ ಕೂರುವ ಮಕ್ಕಳಿಗೆ ಕುರಾನಿನ ಅಕ್ಷರಗಳನ್ನು ಕಲಿಸುತ್ತಾನೆ. ತಂದೆ ತೀರಿಹೋದ ಮೇಲೆ ಗಡ್ಡ ಬಿಟ್ಟಿದ್ದಾನೆ. ಮಾತಿನಲ್ಲಿ ಮೃದು, ಮೊಹಲ್ಲಾದ ಯುವಕರೆಲ್ಲ ಅವನ ಮಾತು ಕೇಳುತ್ತಾರೆ.’ ಇದಕ್ಕಿಂತ ಒಳ್ಳೆಯ ನಡತೆ ಪತ್ರ ನಾನು ಯಾರಿಗೂ ಬರೆದಿಲ್ಲ.

ಓದಿ ಹೇಳಿದಾಗ ಅವನು ಮಗ್ಗ ನಿಲ್ಲಿಸಿದ.

“ಮೇಷ್ಟ್ರೇ, ಗಡ್ಡದ್ ವಿಷ್ಯ ಬಿಟ್‌ಬಿಡಿ. ಆ ಕಡೆ ಊರ್ಗಳಲ್ಲಿ ಪೊಲೀಸ್ರು ಗಡ್ಡ ನೋಡೇ ಎತ್ತಾಕೊಂಡ್ ಹೋದ್ರಂತೆ.”

“ಲೋ ಹಮ್ರಾ, ಇದನ್ನ ಓದೋನು ಯಾರು ಅಂದ್ಕೊಂಡೆ? ನಮ್ ದಿಲ್ಮುರಾದ್ ಕಣೋ!”

“ಓ, ಅವ್ನಾ? ಹಂಗಾದ್ರೆ ಬರೀರಿ, ಬರೀರಿ. ಅವ್ನಿಗ್ ಗೊತ್ತಲ್ಲ ನನ್ ಗಡ್ಡ ಯಾಕ್ ಬಂತು ಅಂತ. ಇನ್ನೂ ಒಂಚೂರು ಸೇರ್ಸಿ, ಹಮ್ರಾ ನೋಡಕ್ಕೂ ಚೆನ್ನಾಗವ್ನೆ ಅಂತ.”

ಅವನ ಹೆಂಡತಿ ಓಯ್ದಿನ್ ಹಬ್ಬದ ಸಿಹಿ ಒಂದು ತಟ್ಟೆ ಕಳಿಸಿದ್ದಳು. ಬಂದ ತಟ್ಟೆ ಖಾಲಿ ಹಿಂದಿರುಗಬಾರದಲ್ಲ, ಒಣಗಿದ ಜರ್ದಾಳು ತುಂಬಿ ಕಳಿಸಿದೆ. ಮರುದಿನ ಅದೇ ತಟ್ಟೆಯಲ್ಲಿ ಸಮೋಸ ಬಂತು. ನಿನ್ನ ಅಮ್ಮ ಹೋದ ಮೇಲೆ ನನ್ನ ಅಡುಗೆ ಮನೆ ನಡೆಯುತ್ತಿರುವುದು ಈ ತಟ್ಟೆಗಳ ಓಡಾಟದಿಂದಲೇ.

ನಿನ್ನ ಅಪ್ಪ
ಎರ್ಗಾಶ್

ತಾಷ್ಕೆಂಟ್
20 ಏಪ್ರಿಲ್

ಅಪ್ಪನವರಿಗೆ ಸಲಾಮು.

ಫಾರಂಗಳು ತಲುಪಿದವು. ಕರ್ನಲ್ ಸಾಹೇಬರು ಎಲ್ಲರನ್ನೂ ಕರೆದು ತೋರಿಸಿದರು. “ನೋಡ್ರಯ್ಯಾ, ಅಕ್ಷರ ಅಂದ್ರೆ ಇದು, ವರದಿ ಅಂದ್ರೆ ಇದು” ಎಂದರು. ನನ್ನ ಬಡ್ತಿಯ ಕಾಗದ ಮೇಲಕ್ಕೆ ಹೋಗಿದೆ. ನಿಮಗೆ ತುಂಬಾ ಋಣಿ.

ಮುಂದಿನ ಸಲ ಏಳು, ಎಂಟು, ಒಂಬತ್ತನೆಯ ಕಾಲಂಗಳಲ್ಲಿ, ಅಂದರೆ ಧರ್ಮ, ಉಡುಗೆ, ಪಾಠದ ವಿಷಯದಲ್ಲಿ, ಇಷ್ಟು ವಿವರ ಬೇಕಾಗಿಲ್ಲ. ಹೌದು, ಇಲ್ಲ ಎಂದರೆ ಸಾಕು. ಕೆಲಸದ ಒತ್ತಡದಿಂದ ಚಿಕ್ಕದಾಗಿ ಬರೆದಿದ್ದೇನೆ, ಬೇಸರಿಸಬೇಡಿ.

ನಿಮ್ಮ ಮಗ
ದಿಲ್ಮುರಾದ್

ಮರ್ಗಿಲಾನ್
9 ಜೂನ್

ದಿಲ್ಮುರಾದ್‌ನಿಗೆ,

ಹಮ್ರಾಕುಲ್‌ನನ್ನು ಕರೆದುಕೊಂಡು ಹೋದರು.

ಮೊನ್ನೆ ಬುಧವಾರ ಬೆಳಿಗ್ಗೆ ಹತ್ತು ಗಂಟೆ. ನಿನ್ನ ಹೊಸ ಇನ್‌ಸ್ಪೆಕ್ಟರ್ ಸೊಬಿರ್, ಅವನ ಜೊತೆ ಊರಿಗೆ ಗೊತ್ತಿಲ್ಲದ ನಾಲ್ವರು. ಹೊಡೆಯಲಿಲ್ಲ, ಬಯ್ಯಲಿಲ್ಲ, ಅದು ನಿಜ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಹೋದರು. ಓಯ್ದಿನ್ ಕೊಟ್ಟ ಚಹಾ ಕೂಡ ಕುಡಿದರು. ನೇಯ್ಗೆ ಅರ್ಧಕ್ಕೆ ನಿಂತಿದೆ, ಹಳದಿ ಪಟ್ಟಿಯವರೆಗೆ ಬಂದಿತ್ತು.

ನಾನು ಮೊಣಕಾಲು ಎಳೆದುಕೊಂಡು ಸೊಬಿರ್‌ನ ಮನೆಗೆ ಹೋದೆ. ಎದ್ದು ನಿಂತು ಮರ್ಯಾದೆ ಕೊಟ್ಟ.

“ಕೂತ್ಕೊಳ್ಳಿ ಮೇಷ್ಟ್ರೇ. ನಂದೇನಿಲ್ಲ ಇದ್ರಲ್ಲಿ. ಪಟ್ಟಿ ಮೇಲಿಂದ ಬಂತು. ಸೆಪ್ಟೆಂಬರ್ ಸ್ವಾತಂತ್ರ್ಯದ ಹಬ್ಬದೊಳ್ಗೆ ಒಂದೊಂದ್ ಮೊಹಲ್ಲಾದಿಂದ ಇಷ್ಟ್ ಜನ ಅಂತ ರಾಜ್ಯಪಾಲ್ರ ಆಫೀಸಿಂದ ಹೇಳಿದಾರೆ. ನಮ್ಗೆ ಒಬ್ಬ.”

“ಅವ್ನ್ ಯಾಕಪ್ಪಾ? ಹುಡುಕಿದ್ರೂ ಅವ್ನಲ್ಲಿ ಒಂದ್ ತಪ್ಪು ಸಿಗಲ್ಲ.”

ಸೊಬಿರ್ ನನ್ನನ್ನೇ ನೋಡಿದ. “ನೀವೇ ಬರ್ದಿದೀರಲ್ಲ ಮೇಷ್ಟ್ರೇ. ನಿಮ್ ಮೊಹರು ಇದೆ.”

ಮಗನೇ, ಇದರಲ್ಲಿ ಏನೋ ಗೊಂದಲವಾಗಿದೆ. ನಾನು ಬರೆದದ್ದು ನಡತೆ ಪತ್ರ. ಹೊಗಳಿಕೆಯನ್ನು ಚಾಡಿಯೆಂದು ಓದಿಕೊಂಡಿದ್ದಾರೆ. ಫಾರಂ ನಿನ್ನ ವಿಭಾಗದ್ದು, ಕಾಲಂ ನೀನು ಬರೆದದ್ದು. ಕರ್ನಲ್ ಸಾಹೇಬರಿಗೆ ಒಂದು ಮಾತು ಹೇಳಿದರೆ ಸರಿಹೋಗುತ್ತದೆ. ಶೇರಲಿ ಅಲ್ಲಿಂದ ನಾಳಿದ್ದು ವಾಪಸು ಹೊರಡುತ್ತಾನೆ, ಅವನ ಕೈಯಲ್ಲೇ ಉತ್ತರ ಕಳಿಸು.

ನಿನ್ನ ಅಪ್ಪ
ಎರ್ಗಾಶ್

ಮರ್ಗಿಲಾನ್
28 ಜೂನ್

ದಿಲ್ಮುರಾದ್,

ಶೇರಲಿ ಎರಡು ಸಲ ಬಂದು ಹೋದ. ಎರಡು ಸಲವೂ ಬರಿಗೈ. ನೀನು ಮನೆಯಲ್ಲಿರಲಿಲ್ಲವಂತೆ. ನಿಜವೋ, ಹಾಗೆ ಹೇಳು ಎಂದು ನೀನೇ ಹೇಳಿದ್ದೋ, ಅವನನ್ನು ಕೇಳಲು ಮನಸ್ಸಾಗಲಿಲ್ಲ.

ಹಿತ್ತಲಿನ ಜರ್ದಾಳು ಹಣ್ಣಾಗಿವೆ. ಒಳ್ಳೆಯದನ್ನು ಆರಿಸಿ ತಟ್ಟೆಗೆ ತುಂಬಿ ಓಯ್ದಿನ್‌ಗೆ ಕೊಟ್ಟುಬಂದೆ. ಅವಳು ತಲೆಯೆತ್ತಲಿಲ್ಲ. ಬೇಡ ಎನ್ನುವಷ್ಟು ಗಟ್ಟಿ ಹೆಣ್ಣಲ್ಲ ಅವಳು, ತೆಗೆದುಕೊಂಡಳು. ಮಧ್ಯಾಹ್ನ ಬಾಗಿಲು ತೆರೆದರೆ ತಟ್ಟೆ ಹೊಸ್ತಿಲ ಮೇಲಿತ್ತು. ತೊಳೆದು, ಒರೆಸಿ, ಬೋರಲು ಹಾಕಿಟ್ಟಿದ್ದಳು. ಖಾಲಿ. ಐವತ್ತು ವರ್ಷದಿಂದ ಈ ಬೀದಿಯಲ್ಲಿದ್ದೇನೆ, ನಮ್ಮ ಮನೆಗೆ ಖಾಲಿ ತಟ್ಟೆ ಬಂದದ್ದು ಇದೇ ಮೊದಲು.

ಶನಿವಾರ ಬಡಗಿಯ ಮನೆಯಲ್ಲಿ ಮುಂಜಾನೆಯ ಪಲಾವ್ ಔತಣ ಇತ್ತು, ಬೀದಿಯ ಗಂಡಸರಿಗೆಲ್ಲ ಕರೆ ಬಂದಿತ್ತು. ನನಗೆ ಬರಲಿಲ್ಲ. ಮೊದಲೆಲ್ಲ ಹಿರಿಯ ಬಂದು ಕೈಯೆತ್ತಿ ಹರಸಿದ ಮೇಲೆಯೇ ಹಂಡೆಯ ಮುಚ್ಚಳ ತೆಗೆಯುತ್ತಿದ್ದರು. ಈಗ ನನ್ನ ಕಂಡರೆ ಕೋಳಿಗಳೂ ಮನೆಯೊಳಗೆ ಸೇರುತ್ತವೆ.

ಒಂದು ಸಾಲು ಬರೆ. ಆಗುವುದಿಲ್ಲ ಎಂದಾದರೂ ಬರೆ.

ಎರ್ಗಾಶ್

ತಾಷ್ಕೆಂಟ್
15 ಜುಲೈ

ಅಪ್ಪನವರಿಗೆ,

ಇದನ್ನು ಓದಿದ ಕೂಡಲೇ ಒಲೆಗೆ ಹಾಕಿ. ಇನ್ನು ಮೇಲೆ ಹೆಸರುಗಳನ್ನು ಬರೆಯಬೇಡಿ. ಅಂಚೆಯಲ್ಲಂತೂ ಏನನ್ನೂ ಹಾಕಲೇಬೇಡಿ.

ವಿಷಯ ನನ್ನ ಕೈಯಲ್ಲಿಲ್ಲ. ನಮ್ಮ ವಿಭಾಗ ಮಾಹಿತಿ ಕೂಡಿಸುತ್ತದೆ, ಅಷ್ಟೇ. ಅದನ್ನು ಏನು ಮಾಡಬೇಕೆಂದು ತೀರ್ಮಾನಿಸುವವರು ಬೇರೆ, ಅವರಿಗೂ ಹೇಳುವವರು ಇನ್ನೂ ಮೇಲಿನವರು. ಇಲಾಖೆ ಬದಲಾಗುತ್ತಿದೆ ಎಂದು ನಾನು ನಂಬಿದ್ದು ಸುಳ್ಳಲ್ಲ ಅಪ್ಪ. ಬಟ್ಟೆ ಬದಲಾಯಿತು, ಮಾತು ಬದಲಾಯಿತು, ಕೋಣೆಗಳಿಗೆ ಸುಣ್ಣ ಬಳಿದರು. ಅಪ್ಪಣೆ ಕೊಡುವವರು ಮಾತ್ರ ಅವರೇ.

ವಿಚಾರಣೆಗೆ ನಿಮ್ಮನ್ನು ಕರೆದರೆ ‘ವಯಸ್ಸಾಯಿತು, ಕಣ್ಣು ಮಂಜು, ಯಾರೋ ಹೇಳಿದ್ದನ್ನು ಬರೆದೆ’ ಎನ್ನಿ. ಜಾಸ್ತಿ ಮಾತಾಡಬೇಡಿ. ನಿಮ್ಮ ಸೊಸೆಗೆ ಏಳನೆಯ ತಿಂಗಳು. ನಮಗೋಸ್ಕರವಾದರೂ ಸುಮ್ಮನಿರಿ.

ದಿ.

ಮರ್ಗಿಲಾನ್
30 ಆಗಸ್ಟ್

ಮಗನೇ,

ಮೊಮ್ಮಗುವಿನ ಸುದ್ದಿ ಓದಿ ಅತ್ತೆ. ಇಂಥ ಕಾಗದದಲ್ಲಿ, ಇಂಥ ಸಾಲಿನ ಪಕ್ಕ ಆ ಸುದ್ದಿ ಬರಬಾರದಿತ್ತು. ನೀನು ಹೇಳಿದಂತೆ ಕಾಗದ ಸುಟ್ಟೆ. ಮೊದಲು ಆ ಒಂದು ಸಾಲನ್ನು ಕತ್ತರಿಸಿ ನಿನ್ನ ಅಮ್ಮ ಹಾಕಿಕೊಳ್ಳುತ್ತಿದ್ದ ಕಸೂತಿ ಟೊಪ್ಪಿಯೊಳಗೆ ಇಟ್ಟೆ.

ವಿಚಾರಣೆ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಹಮ್ರಾನ ಗಡ್ಡ ಬೋಳಿಸಿದ್ದರು. ಸಣ್ಣ ಹುಡುಗನಂತೆ ಕಾಣುತ್ತಿದ್ದ, ನೀವಿಬ್ಬರೂ ಕಾಲುವೆಗೆ ಹಾರುತ್ತಿದ್ದಾಗ ಹೇಗಿದ್ದನೋ ಹಾಗೆ. ನಾನು ನೀನು ಹೇಳಿಕೊಟ್ಟದ್ದನ್ನು ಹೇಳಲಿಲ್ಲ. ನನ್ನ ಕಣ್ಣು ಮಂಜಾಗಿಲ್ಲ, ಯಾರೋ ಹೇಳಿದ್ದನ್ನು ಬರೆಯುವವನೂ ನಾನಲ್ಲ.

“ಸ್ವಾಮಿ, ಅದು ನಾನ್ ಹೊಗಳಿ ಬರ್ದಿದ್ದು” ಎಂದೆ.

ನ್ಯಾಯಾಧೀಶರು ಒಳ್ಳೆಯ ಮಾತಿನವರು. ನನ್ನ ಹಾಳೆಯನ್ನು ಪೂರ್ತಿ ಗಟ್ಟಿಯಾಗಿ ಓದಿದರು. ಅಲ್ಪವಿರಾಮಗಳಲ್ಲಿ ಸರಿಯಾಗಿ ನಿಲ್ಲಿಸಿ ಓದಿದರು, ನನ್ನ ಶಿಷ್ಯರಾಗಿದ್ದರೆ ಹೆಮ್ಮೆ ಪಡುತ್ತಿದ್ದೆ.

“ಅಜ್ಜಾ, ಇದ್ರಲ್ಲಿ ಒಂದಾದ್ರೂ ಸುಳ್ಳಿದ್ಯಾ?”

“ಇಲ್ಲ.”

“ಎಲ್ಲಾ ನಿಜಾನೇ?”

“ನಿಜ.”

“ಸರಿ. ಕೂತ್ಕೊಳ್ಳಿ.”

ಏಳು ವರ್ಷ. ಮಕ್ಕಳಿಗೆ ಗುಟ್ಟಾಗಿ ಪಾಠ, ಯುವಕರ ಗುಂಪು ಕಟ್ಟಿದ್ದು, ಸರಕಾರದ ವಿರುದ್ಧ ಎಂದರು. ಬೇರೆ ಒಬ್ಬ ಸಾಕ್ಷಿಯೂ ಇರಲಿಲ್ಲ, ನನ್ನ ಹಾಳೆ ಸಾಕಾಯಿತು. ಹೊರಗೆ ಕರೆದೊಯ್ಯುವಾಗ ಹಮ್ರಾ ನನ್ನ ಹತ್ತಿರ ಒಂದು ಕ್ಷಣ ನಿಂತ.

“ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ. ದಿಲ್ಮುರಾದ್‌ಗೆ ಇದು ತಲುಪೇ ಇಲ್ಲ ಅನ್ಸತ್ತೆ. ತಲುಪಿದ್ರೆ ಬಿಡ್ತಿದ್ನಾ?”

ನಾನು ತಲೆಯಾಡಿಸಿದೆ.

ಸೊಬಿರ್ ಸಂಜೆ ಬಂದು ಮೊಹಲ್ಲಾದ ಮೊಹರನ್ನು ತೆಗೆದುಕೊಂಡು ಹೋದ. ಇನ್ನು ಹಿರಿಯನನ್ನು ಅವರೇ ನೇಮಿಸುತ್ತಾರಂತೆ. ಒಳ್ಳೆಯದೇ ಆಯಿತು, ಅದು ಮನೆಯಲ್ಲಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಮೇಲಿನ ಕೋರ್ಟು ಡಿಸೆಂಬರ್ ಇಪ್ಪತ್ತಕ್ಕೆ ನಿಮ್ಮಲ್ಲೇ ತಾಷ್ಕೆಂಟಿನಲ್ಲಿ ಕೇಳುತ್ತದೆ. ಫಾರಂ ತಯಾರಿಸಿದವನೇ ಬಂದು ‘ಇದು ಮಾಹಿತಿಗೆ ಮಾಡಿದ ಹಾಳೆ, ಅಪರಾಧದ ಸಾಕ್ಷಿಯಲ್ಲ, ನನ್ನ ತಂದೆ ಹೊಗಳಿ ಬರೆದರು’ ಎಂದರೆ ತೂಕ ಬರುತ್ತದೆ ಎಂದು ವಕೀಲರು ಹೇಳಿದರು. ಬರುತ್ತೀಯಾ ಎಂದು ಆಮೇಲೆ ಕೇಳುತ್ತೇನೆ. ಅದಕ್ಕೆ ಮೊದಲು ಒಂದು ಪ್ರಶ್ನೆ. ಹಮ್ರಾ ನಂಬಿರುವುದು ನಿಜವೇ? ಆ ಹಾಳೆ ನಿನಗೆ ತಲುಪಲಿಲ್ಲವೇ?

ನಿನ್ನ ಅಪ್ಪ

ತಾಷ್ಕೆಂಟ್
4 ಅಕ್ಟೋಬರ್

ಅಪ್ಪ,

ಐದು ಕಾಗದ ಬರೆದು ಹರಿದೆ. ಇದು ಆರನೆಯದು.

ತಲುಪಿತ್ತು.

ಏಪ್ರಿಲ್ ಎರಡನೆಯ ವಾರ. ನಮ್ಮ ಮರ್ಗಿಲಾನ್ ಕಡೆಯ ಕಣಿವೆಯ ಫಾರಂಗಳನ್ನೆಲ್ಲ ನನ್ನ ಮೇಜಿನ ಮೇಲೆ ತಂದು ಸುರಿದರು. ಏಳು, ಎಂಟು, ಒಂಬತ್ತು ಮೂರರಲ್ಲೂ ‘ಹೌದು’ ಇದ್ದರೆ ನೀಲಿ ಕಟ್ಟಿಗೆ, ಇಲ್ಲದಿದ್ದರೆ ಬಿಳಿ ಕಟ್ಟಿಗೆ. ಆ ನಿಯಮವೂ ನಾನೇ ಬರೆದದ್ದು. ನೀಲಿ ಕಟ್ಟು ಎಲ್ಲಿಗೆ ಹೋಗುತ್ತದೆ ಎಂದು ಆಗ ಪೂರ್ತಿ ಗೊತ್ತಿರಲಿಲ್ಲ. ಅರ್ಧ ಗೊತ್ತಿತ್ತು.

ನಿಮ್ಮ ಅಕ್ಷರ ದೂರದಿಂದಲೇ ಗುರುತು ಸಿಕ್ಕಿತು. ಎರ್ಕಿನ್‌ನ ಹಾಳೆ ಓದಿ ನಕ್ಕೆ. ಹಮ್ರಾನ ಹಾಳೆ ಬಂತು. ಎರಡು ಸಲ ಓದಿದೆ. ಎದುರಿನ ಕುರ್ಚಿಯಲ್ಲಿ ಕರ್ನಲ್ ಕೂತು ಸೇಬು ಹೆಚ್ಚುತ್ತಿದ್ದರು. ಹಾಳೆಯನ್ನು ತೊಡೆಯ ಮೇಲೆ ಬೀಳಿಸಿ ಜೇಬಿಗೆ ಹಾಕಬಹುದಿತ್ತು. ‘ಏನದು?’ ಎಂದು ಅವರು ಕೇಳಬಹುದಿತ್ತು, ಕೇಳದೆಯೂ ಇರಬಹುದಿತ್ತು. ನಾನು ನೀಲಿ ಕಟ್ಟಿಗೆ ಹಾಕಿದೆ. ಅವರು ಸೇಬಿನ ಹೋಳು ಚಾಚಿದರು, ತಿಂದೆ.

ಅಮ್ಮ ತೀರಿದಾಗ ನಾನು ತರಬೇತಿಯಲ್ಲಿದ್ದೆ, ರಜೆ ಸಿಗಲಿಲ್ಲ. ಅವಳ ಶವಕ್ಕೆ ನನ್ನ ಜಾಗದಲ್ಲಿ ನಿಂತು ಹೆಗಲು ಕೊಟ್ಟವನು ಹಮ್ರಾ. ನಾನು ಮರೆತಿಲ್ಲ. ಮರೆತಿದ್ದರೆ ಎಷ್ಟೋ ಚೆನ್ನಾಗಿತ್ತು.

ಡಿಸೆಂಬರ್ ಇಪ್ಪತ್ತಕ್ಕೆ ನಾನು ಬರಲಾರೆ. ಬಂದರೆ ಅದೇ ಸಂಜೆ ನನ್ನ ಹೆಸರಿನಲ್ಲೂ ಒಂದು ಹಾಳೆ ತುಂಬುತ್ತಾರೆ. ಮಗುವಿಗೆ ಹನ್ನೆರಡು ದಿನ, ಗಂಡು. ಇಲ್ಲಿ ಯಾರೊಂದಿಗೂ ಮಾತಾಡುವಂತಿಲ್ಲ ಅಪ್ಪ. ಹೆಂಡತಿಗೆ ಹೇಳಿಲ್ಲ. ನಿಮ್ಮೊಬ್ಬರಿಗೆ ಹೇಳಿದ್ದೇನೆ, ನೀವೂ ನನ್ನನ್ನು ಬಿಟ್ಟರೆ ನನಗೆ ಯಾರೂ ಇಲ್ಲ.

ನಿಮ್ಮ
ದಿಲ್ಮುರಾದ್

ಮರ್ಗಿಲಾನ್
2 ಡಿಸೆಂಬರ್

ದಿಲ್ಮುರಾದ್,

ಎರಡು ತಿಂಗಳು ನಿನಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಬಯ್ಯೋಣವೆಂದು ಕೂತರೆ ಮೊಮ್ಮಗನ ನೆನಪು, ಸಮಾಧಾನ ಹೇಳೋಣವೆಂದರೆ ಪಕ್ಕದ ಮನೆಯ ಮಗ್ಗದ ನೆನಪು. ಹಳದಿ ಪಟ್ಟಿಯ ಮೇಲೆ ಧೂಳು ಕೂತಿದೆ. ಹಮ್ರಾನ ಹೆಣ್ಣುಮಕ್ಕಳು ನನ್ನ ಕಂಡರೆ ಬೀದಿಯ ಆ ಕಡೆಗೆ ದಾಟುತ್ತವೆ.

ಮೊನ್ನೆ ನೆನಪಾಯಿತು. ನೀನು ಕಳಿಸಿದ್ದ ಕಟ್ಟಿನಲ್ಲಿ ಒಂದು ಫಾರಂ ಉಳಿದುಬಿಟ್ಟಿದೆ. ಎಲ್ಲರ ಮನೆಯದನ್ನೂ ತುಂಬಿದವನು ನನ್ನ ಮನೆಯದನ್ನು ಮರೆತಿದ್ದೆ. ಈಗ ತುಂಬಿದ್ದೇನೆ, ಇದರೊಂದಿಗೆ ಇದೆ. ನಡತೆ ಪತ್ರ ಬರೆಯುವ ಅಭ್ಯಾಸ ಬಿಟ್ಟು, ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ.

ಕಾಲಂ 1. ಹೆಸರು, ಉದ್ಯೋಗ: ಎರ್ಗಾಶ್, ನಿವೃತ್ತ ಮೇಷ್ಟ್ರು, ಮೊಹಲ್ಲಾದ ಮಾಜಿ ಹಿರಿಯ.

ಕಾಲಂ 4. ಮನೆಗೆ ಬಂದುಹೋಗುವವರು: ಯಾರೂ ಇಲ್ಲ. ಜೂನ್ ತಿಂಗಳಲ್ಲಿ ಒಂದು ಖಾಲಿ ತಟ್ಟೆ ಬಂತು.

ಕಾಲಂ 5. ಸರಕಾರಿ ನೌಕರಿಯಲ್ಲಿರುವ ಹತ್ತಿರದ ಬಂಧುಗಳು: ಮಗ ಒಬ್ಬ.

ಕಾಲಂ 7. ಧಾರ್ಮಿಕ ನಡವಳಿಕೆ: ಮೊದಲು ಶುಕ್ರವಾರ ಮಾತ್ರ ನಮಾಜು. ಈಗ ಐದು ಹೊತ್ತೂ ಮಾಡುತ್ತೇನೆ, ಮಾತಾಡುವುದಕ್ಕೆ ಬೇರೆ ಯಾರೂ ಇಲ್ಲ. ರಂಜಾನಿನ ಉಪವಾಸ ಆರು ದಿನದಿಂದ ಹಿಡಿದಿದ್ದೇನೆ. ಸಂಜೆ ಉಪವಾಸ ಬಿಡುವುದಕ್ಕೆ ಯಾರ ಮನೆಯಿಂದಲೂ ಕರೆ ಇಲ್ಲದ್ದರಿಂದ ಒಬ್ಬನೇ ನೀರು ಕುಡಿಯುತ್ತೇನೆ. ಹೌದು.

ಕಾಲಂ 8. ಉಡುಗೆ, ತೋರಿಕೆಯಲ್ಲಿ ಬದಲಾವಣೆ: ಗಡ್ಡ ಬಿಟ್ಟಿದ್ದೇನೆ. ಸತ್ತವರಿಗಾಗಿ ಅಲ್ಲ, ಬದುಕಿರುವ ಇಬ್ಬರಿಗಾಗಿ. ಹೌದು.

ಕಾಲಂ 9. ಮಕ್ಕಳಿಗೆ, ಯುವಕರಿಗೆ ಪಾಠ: ಮೂವತ್ತು ವರ್ಷ ಮಾಡಿದ್ದೇನೆ. ಕಲಿತವರಲ್ಲಿ ಒಬ್ಬ ಜೈಲಿನಲ್ಲಿದ್ದಾನೆ, ಒಬ್ಬ ನಿಮ್ಮ ಕಚೇರಿಯಲ್ಲಿದ್ದಾನೆ. ಹೌದು.

ಕಾಲಂ 14. ಮಾಹಿತಿ ಕೊಟ್ಟವರು: ಸ್ವತಃ. ಮೊಹರು ಸೊಬಿರ್ ಬಳಿ ಇದೆ, ಸಹಿ ಹಾಕಿದ್ದೇನೆ.

ಇದನ್ನು ಶೇರಲಿಯ ಕೈಯಲ್ಲಿ ಕೊಡುವುದಿಲ್ಲ. ನಿನ್ನ ಕಚೇರಿಯ ವಿಳಾಸಕ್ಕೆ ಅಂಚೆಯಲ್ಲೇ ಹಾಕುತ್ತೇನೆ, ಲಕೋಟೆ ಅಂಟಿಸುವುದೂ ಇಲ್ಲ. ದಾರಿಯಲ್ಲಿ ಓದಬೇಕೆನ್ನುವವರು ಓದಲಿ, ಅಕ್ಷರ ಸ್ಪಷ್ಟವಾಗಿದೆ.

ನೀನು ನನ್ನ ಮಗ, ನಿನ್ನನ್ನು ನಾನು ಬಿಟ್ಟಿಲ್ಲ. ಇಪ್ಪತ್ತನೆಯ ತಾರೀಖು ಕೋರ್ಟಿನ ಬಾಗಿಲಲ್ಲಿ ನಿಂತಿರುತ್ತೇನೆ, ನೀನು ಬಂದರೆ ಒಟ್ಟಿಗೆ ಒಳಗೆ ಹೋಗೋಣ. ಬಾರದಿದ್ದರೆ ಈ ಹಾಳೆ ನಿನ್ನ ಮೇಜಿನ ಮೇಲಿರುತ್ತದೆ, ಕರ್ನಲ್ ಎದುರಿಗಿರುತ್ತಾರೆ. ಏಳು, ಎಂಟು, ಒಂಬತ್ತು ಮೂರರಲ್ಲೂ ಹೌದು ಎಂದಿದ್ದೇನೆ. ನಿಯಮ ನಿನ್ನದು. ಹಮ್ರಾನನ್ನು ಯಾವ ಕಟ್ಟಿಗೆ ಹಾಕಿದೆಯೋ ನನ್ನನ್ನೂ ಅದಕ್ಕೇ ಹಾಕು.

ನಿನ್ನ ಅಪ್ಪ
ಎರ್ಗಾಶ್